ಕಾಯಿಯ ಮೇಲಿನ ನಂಬರು, ಪುಟದ ಕಾಣದ ಸಾಲು

ಎರಡು ವಿಷಯಗಳಲ್ಲಿ ನನಗೆ ಯಾರ ಉಪದೇಶವೂ ಬೇಡ. ಒಂದು, ಕಾಯಿ ಚಟ್ನಿಗೆ ಬೆಳ್ಳುಳ್ಳಿ ಹಾಕಬೇಕೋ ಬೇಡವೋ ಎಂಬುದು. ಇನ್ನೊಂದು, ವೆಬ್ ಪುಟದ ಬಗೆಗಿನ ಮಾಹಿತಿಯನ್ನು ಆ ಪುಟದಲ್ಲಿ ಎಲ್ಲಿ ಬರೆಯಬೇಕು ಎಂಬುದು. ಮೊದಲನೆಯದರಲ್ಲಿ ಬುದ್ಧಿ ಬಂದಾಗಿನಿಂದ ಖಚಿತವಾಗಿದ್ದೇನೆ. ಎರಡನೆಯದರಲ್ಲಿ ಅಷ್ಟೇ ಖಚಿತವಾಗಿ ತಪ್ಪು ಮಾಡಿ, ಹುಳಿಯಾರಿನವರೆಗೆ ಬಸ್ಸಿನಲ್ಲಿ ಹೋಗಿ ತಲೆ ತಗ್ಗಿಸಿ ನಿಂತು ಬಂದು, ಈಗ ಮತ್ತೆ ಖಚಿತವಾಗಿದ್ದೇನೆ.

ತಿಪಟೂರಿನಲ್ಲಿ, ಕೊಬ್ಬರಿ ಮಂಡಿಗಳ ಬೀದಿಯಿಂದ ಒಂದು ತಿರುವಿನಾಚೆ, ನನ್ನದೊಂದು ಸಣ್ಣ ಅಂಗಡಿ ಇದೆ. ಲಗ್ನಪತ್ರಿಕೆ ಜೋಡಿಸುವುದು, ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು ಎಲ್ಲವನ್ನೂ ಮಾಡುತ್ತೇನೆ. ಆದರೆ ಮನಸ್ಸಿಟ್ಟು ಮಾಡುವ ಕೆಲಸ ವೆಬ್ ಪುಟ ಕಟ್ಟುವುದು. ಎಣ್ಣೆ ಗಾಣದವರಿಗೆ, ತೆಂಗಿನ ನಾರಿನ ಕೆಲಸದವರಿಗೆ, ಸಸಿ ಮಾರುವವರಿಗೆ ಪುಟ ಮಾಡಿಕೊಟ್ಟಿದ್ದೇನೆ. ಯಾರದೋ ಸಿದ್ಧ ಪುಟ ಇಳಿಸಿಕೊಂಡು ಹೆಸರು ಬದಲಾಯಿಸಿ ಕೊಡುವವಳು ನಾನಲ್ಲ, ಒಂದೊಂದು ಟ್ಯಾಗನ್ನೂ ಕೈಯಾರೆ ಬರೆಯುತ್ತೇನೆ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಳ್ಳುತ್ತಿದ್ದೆ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಪುಟಕ್ಕೆ ಎರಡು ಭಾಗವಿರುತ್ತದೆ, ಮೇಲೆ ತಲೆ, ಕೆಳಗೆ ಒಡಲು. ಒಡಲಿನಲ್ಲಿ ಬರೆದದ್ದು ಓದುವವರ ಕಣ್ಣಿಗೆ ಕಾಣುತ್ತದೆ. ತಲೆಯಲ್ಲಿ ಬರೆದದ್ದು ಕಾಣುವುದಿಲ್ಲ, ಅದು ಯಂತ್ರಗಳಿಗೆ. ಈ ಪುಟ ಯಾವ ಭಾಷೆಯದು, ಯಾವುದರ ಬಗ್ಗೆ, ಯಾರದು, ಹುಡುಕಿದವರಿಗೆ ಎರಡು ಸಾಲಿನಲ್ಲಿ ಏನು ತೋರಿಸಬೇಕು, ಇವೆಲ್ಲ ಅಲ್ಲಿರುತ್ತವೆ. ಇದಕ್ಕೆ ಮೆಟಾಡೇಟಾ ಎನ್ನುತ್ತಾರೆ, ಅಂದರೆ ಸರಕಿನ ಬಗೆಗಿನ ಚೀಟಿ. ಆ ಚೀಟಿಗಳನ್ನೆಲ್ಲ ತಲೆಯಲ್ಲಿ ಒಂದೇ ಗಂಟು ಕಟ್ಟಿ ಇಡಬೇಕೋ, ಒಡಲಿನಲ್ಲಿ ಕಾಣುವ ಮಾತಿಗೇ ಅಂಟಿಸಬೇಕೋ ಎಂಬುದು ನಮ್ಮ ಕಸುಬಿನ ಹಳೆಯ ಜಗಳ. ಪುಟ ಬರೆಯುವ ನಿಯಮಗಳನ್ನು ರೂಪಿಸುವವರು ಅಂತರ್ಜಾಲದಲ್ಲಿ ಒಂದು ಚರ್ಚೆಯ ಜಗಲಿ ಇಟ್ಟಿರುತ್ತಾರೆ, ಯಾರು ಬೇಕಾದರೂ ಹೋಗಿ ಅಭಿಪ್ರಾಯ ಬರೆಯಬಹುದು. ನಾನೂ ಬರೆದಿದ್ದೆ.

ಆಗ ನಾನು ಗಂಟಿನ ಪಕ್ಷ. ಅಡುಗೆಮನೆಗೂ ಊಟದ ಪಂಕ್ತಿಗೂ ನಡುವೆ ಒಂದು ಗೋಡೆ ಇರಬೇಕು, ಯಂತ್ರದ ಮಾತು ಯಂತ್ರಕ್ಕೆ, ಮನುಷ್ಯರ ಮಾತು ಮನುಷ್ಯರಿಗೆ, ಎರಡನ್ನೂ ಕಲಸಿದರೆ ಪುಟ ಚಿತ್ರಾನ್ನವಾಗುತ್ತದೆ ಎಂದು ಬರೆದೆ. ಯಾವ ಯಾವ ದೇಶದವರೋ ನಾಲ್ಕು ಜನ ಹೌದು ಹೌದು ಎಂದರು. ಆ ವಾರವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ.

ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಇರುವುದು ಮಾಯಸಂದ್ರದ ಹತ್ತಿರದ ಹಳ್ಳಿಯಲ್ಲಿ. ತೋಟದ ಅಂಚಿನ ನೆರಳಿನಲ್ಲಿ ತೆಂಗಿನ ಸಸಿ ಎಬ್ಬಿಸಿ ಮಾರುವುದು ಅವರ ಬದುಕು. ಈ ವ್ಯಾಪಾರದಲ್ಲಿ ನಿಜವಾದ ಸರಕು ಮಾತು. ಮೊಣಕಾಲೆತ್ತರದ ಸಸಿಯನ್ನು ನೋಡಿ ಅದು ಎಂಥ ಮರವಾಗುತ್ತದೆಂದು ಯಾವ ಜಾಣನೂ ಹೇಳಲಾರ. ನಮ್ಮ ಕಡೆಯ ಎತ್ತರದ ನಾಟಿ ತಳಿ ಹೊಂಬಾಳೆ ಬಿಡಲು ಆರೇಳು ವರ್ಷ ಬೇಕು. ಮೋಸ ಹೋದದ್ದು ಗೊತ್ತಾಗುವುದಕ್ಕೂ ಅಷ್ಟೇ ವರ್ಷ ಬೇಕು. ಹಾಗಾಗಿ ಬಂದವರು ಸಸಿಗಿಂತ ಹೆಚ್ಚಾಗಿ ಅತ್ತೆಯ ಮುಖ ನೋಡಿ ಒಯ್ಯುತ್ತಿದ್ದರು. ಇದು ಯಾವ ಮರದ್ದು ಎಂದು ಕೇಳಿದರೆ ಅತ್ತೆ ತೋಟದೊಳಗೆ ಕರೆದೊಯ್ದು ತಾಯಿಮರವನ್ನೇ ತೋರಿಸುತ್ತಿದ್ದರು. "ತಾಯಿ ಯಾರು ಅಂತ ನಾನು ಹೇಳ್ತೀನಿ. ಅಪ್ಪ ಯಾರು ಅಂತ ಜೇನುಹುಳಾನೇ ಕೇಳ್ಬೇಕು" ಎನ್ನುತ್ತಿದ್ದರು.

ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಪ್ರತಿ ಸಸಿಮಡಿಯ ತಲೆಗೆ ಒಂದು ಹಲಗೆ ನೆಡುತ್ತಿದ್ದರಂತೆ. ಈ ಮಡಿಯಲ್ಲಿರುವುದು ಇಂಥ ಮರದ ಕಾಯಿ ಎಂದು ಅದರ ಮೇಲೆ ಬರೆದಿರುತ್ತಿತ್ತು. ಒಂದು ವರ್ಷ ಮಳೆ ಜಾಸ್ತಿಯಾಗಿ ಮಡಿಯಲ್ಲಿ ನೀರು ನಿಂತಾಗ ಕಾಯಿಗಳನ್ನು ಎತ್ತಿ ದಿಬ್ಬದ ಕಡೆ ಸಾಗಿಸಿದರು. ಹಲಗೆಗಳು ಮಾತ್ರ ಇದ್ದಲ್ಲೇ ಇದ್ದವು. ನೀರಿಳಿದ ಮೇಲೆ ಆ ಮಡಿಗಳಿಗೆ ಬೇರೆ ಮರದ ಕಾಯಿ ಬಂದವು, ಹಳೆಯ ಹಲಗೆ ಹೊಸ ಕಾಯಿಯ ಪರವಾಗಿ ಮಾತಾಡುತ್ತಾ ನಿಂತಿತು. ಎರಡು ಮೂರು ಊರಿಗೆ ತಪ್ಪು ತಾಯಿಯ ಹೆಸರಿನಲ್ಲಿ ಸಸಿ ಹೋದವು. ಗೊತ್ತಾದ ದಿನ ಅತ್ತೆ ಹಲಗೆಗಳನ್ನೆಲ್ಲ ಕಿತ್ತು ನೀರೊಲೆಗೆ ಹಾಕಿದರು.

ಅಂದಿನಿಂದ ಮರದ ನಂಬರನ್ನು ಕಾಯಿಯ ಸಿಪ್ಪೆಯ ಮೇಲೇ ಕೆಂಪು ಪೇಂಟಿನಲ್ಲಿ ಬರೆಯುತ್ತಾರೆ. ತೆಂಗಿನ ಸಸಿಯನ್ನು ಗುಂಡಿಗೆ ಇಳಿಸುವಾಗಲೂ ಬುಡದಲ್ಲಿ ಆ ಕಾಯಿ ಇದ್ದೇ ಇರುತ್ತದೆ. ಮಡಿ ಬದಲಾಗಲಿ, ಊರು ಬದಲಾಗಲಿ, ನಂಬರು ಸಸಿಯ ಜೊತೆಯಲ್ಲೇ ಹೋಗುತ್ತದೆ. "ಹಲಗೆ ಮಡಿ ಸುದ್ದಿ ಹೇಳ್ತದೆ ಕಣೇ, ಕಾಯಿ ಸುದ್ದಿ ಕಾಯಿನೇ ಹೇಳ್ಬೇಕು" ಎಂದು ಅತ್ತೆ ಹೇಳುವುದನ್ನು, ಬೇಸಿಗೆ ರಜೆಯಲ್ಲಿ ಪೇಂಟಿನ ಡಬ್ಬಿ ಹಿಡಿದುಕೊಂಡು ಅವರ ಹಿಂದೆ ನಡೆಯುತ್ತಾ, ಎಷ್ಟು ಸಲ ಕೇಳಿದ್ದೇನೋ. ಕೇಳಿದ್ದು ಕಿವಿಯಲ್ಲೇ ಉಳಿದಿತ್ತು.

ಅತ್ತೆಗೆ ವೆಬ್ ಪುಟ ಬೇಕಿರಲಿಲ್ಲ. ನಾನೇ ಹಟ ಹಿಡಿದು ಮಾಡಿದೆ. ಅವರು ಕೇಳಿದ್ದು ಒಂದೇ: "ಏಳು ವರ್ಷ ಅಂತ ದಪ್ಪಕ್ಷರದಲ್ಲಿ ಬರಿ. ಆಮೇಲೆ ಯಾರೂ ನನ್ನ ಬೈಬಾರ್ದು." ಹಾಗೇ ಬರೆದೆ. ಪುಟ ಸಿದ್ಧವಾದ ದಿನ ಫೋನಿನಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಅತ್ತೆ ಎರಡು ಕಡೆ ತಿದ್ದಿಸಿದರು. ಗೊಬ್ಬರದ ವಿಷಯದಲ್ಲಿ ಒಂದು, ಗುಂಡಿಯ ಆಳದ ವಿಷಯದಲ್ಲಿ ಒಂದು. ತಲೆಯಲ್ಲಿದ್ದುದನ್ನು ನಾನು ಓದಿ ಹೇಳಲಿಲ್ಲ. ಅದು ಯಂತ್ರಕ್ಕೆ, ಅತ್ತೆಗೆ ಅದರಿಂದ ಏನಾಗಬೇಕು ಎಂದುಕೊಂಡೆ.

ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅತ್ತೆಯ ಫೋನು ಬಂತು. ಕ್ಷೇಮಸಮಾಚಾರ ಏನೂ ಇಲ್ಲ.

"ಏನ್ ಬರ್ದಿದ್ದೀಯೇ ನನ್ ಹೆಸರ್ನಾಗೆ?"

"ಯಾಕತ್ತೆ, ಏನಾಯ್ತು?"

"ಹುಳಿಯಾರ್ ಕಡೆಯೋರು ನಲವತ್ತು ಸಸಿ ತಗೊಂಡೋಗಿದ್ರು. ಈಗ ಫೋನ್ ಮಾಡವ್ರೆ, ಮೂರ್ನೇ ವರ್ಷಕ್ಕೆ ಹೊಂಬಾಳೆ ಬರ್ಬೇಕಂದ್ರೆ ಏನ್ ಗೊಬ್ರ ಕೊಡ್ಲಿ ಅಂತ. ಮೂರು ಅಂತ ಯಾರಂದ್ರು ಅಂದ್ರೆ, ನಿಮ್ ಪುಟವೇ ಅಂತದಲ್ಲ ಅಂತಾರೆ."

ನಾನು ತಕ್ಷಣ ಪುಟ ತೆರೆದೆ. ಏಳು ವರ್ಷ ಎಂದು ದಪ್ಪಕ್ಷರದಲ್ಲಿ ಇತ್ತು. "ಏಳು ಅಂತಲೇ ಇದೆ ಅತ್ತೆ. ಅವರು ಬೇರೆ ಯಾರದೋ ಪುಟ ನೋಡಿರ್ತಾರೆ" ಎಂದೆ. ಅತ್ತೆ ಒಪ್ಪಲಿಲ್ಲ. ಮರುದಿನವೂ ಫೋನು ಮಾಡಿದರು. ನಾನು ಹುಳಿಯಾರಿನವರ ಕಣ್ಣನ್ನು ದೂರಿದೆ, ಫೋನನ್ನು ದೂರಿದೆ, ಕೊನೆಗೆ ಅಲ್ಲಿಯ ಸಿಗ್ನಲ್ಲನ್ನೂ ದೂರಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಮೂರನೆಯ ದಿನ ಅಂಗಡಿಯಲ್ಲಿ ಕೆಲಸ ಕಡಿಮೆಯಿತ್ತು. ಅದುವರೆಗೆ ನಾನು ಆ ಪುಟವನ್ನು ಮಾಡಿದವಳ ಹಾಗೆ ನೇರವಾಗಿ ತೆರೆದಿದ್ದೆನೇ ಹೊರತು, ಸಸಿ ಬೇಕಾದವರ ಹಾಗೆ ಹುಡುಕಿರಲಿಲ್ಲ. ಅಂದು ಫೋನಿನಲ್ಲಿ ತೆಂಗಿನ ಸಸಿ, ಮಾಯಸಂದ್ರ ಎಂದು ಹಾಕಿ ಹುಡುಕಿದೆ. ಅತ್ತೆಯ ನರ್ಸರಿಯ ಹೆಸರು ಬಂತು. ಹೆಸರಿನ ಕೆಳಗೆ ಒಂದು ಸಾಲು: ಗಿಡ್ಡ ತಳಿಯ ಸಸಿಗಳು, ನೆಟ್ಟ ಮೂರೇ ವರ್ಷಕ್ಕೆ ಫಸಲು.

ಆ ಸಾಲನ್ನು ಬರೆದವಳು ನಾನೇ. ಹಿಂದಿನ ವರ್ಷ ಗಿಡ್ಡ ತಳಿ ಮಾರುವ ಇನ್ನೊಬ್ಬರಿಗೆ ಪುಟ ಮಾಡಿದ್ದೆ. ಅತ್ತೆಯ ಪುಟ ಕಟ್ಟುವಾಗ ಒಡಲನ್ನು ಹೊಸದಾಗಿ ಬರೆದು, ತಲೆಯನ್ನು ಮಾತ್ರ ಅಲ್ಲಿಂದ ಇಡಿಯಾಗಿ ಎತ್ತಿ ತಂದು, ಹೆಸರು, ಊರು ಬದಲಾಯಿಸಿ ಬಿಟ್ಟಿದ್ದೆ. ಕೈಯಾರೆ ಬರೆಯುವವಳ ಕಥೆ ಇಷ್ಟು. ಒಡಲು ಏಳು ಎನ್ನುತ್ತಿತ್ತು, ತಲೆ ಮೂರು ಎನ್ನುತ್ತಿತ್ತು, ಜನ ಹುಡುಕಿದಾಗ ಮೊದಲು ಕಾಣುತ್ತಿದ್ದುದು ತಲೆಯ ಮಾತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಹುಳಿಯಾರಿನವರು ಸಸಿ ನೆಟ್ಟುಬಿಟ್ಟರೆ, ಮೂರನೆಯ ವರ್ಷ ಹೊಂಬಾಳೆ ಬಾರದಿದ್ದರೆ, ಊರೂರಲ್ಲಿ ಸುಳ್ಳಿಯೆನಿಸಿಕೊಳ್ಳುವವರು ಅತ್ತೆ.

ಸಾಲನ್ನು ಅರೆ ನಿಮಿಷದಲ್ಲಿ ಅಳಿಸಿದೆ. ಆಮೇಲೆ ಅತ್ತೆಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾಣದ ಜಾಗ ಯಾವುದು, ಅಲ್ಲಿ ಯಾಕೆ ಬರೆಯುತ್ತೇವೆ ಎಲ್ಲವನ್ನೂ ವಿವರಿಸಿದೆ. ಅವರು ಬೈಯಲಿಲ್ಲ.

"ಹಲಗೆ ಕಿತ್ತು ಒಲೆಗಾಕಿ ಮೂವತ್ತು ವರ್ಷದ ಮೇಲಾಯ್ತು ಕಣೇ. ನೀನು ಮತ್ತೆ ತಂದು ನೆಟ್ಟಿದ್ದೀಯ" ಎಂದರು. ಆಮೇಲೆ, "ನಾಳೆ ಕಿಬ್ಬನಹಳ್ಳಿಗೆ ಬತ್ತೀನಿ. ನೀನೂ ಬಾ. ಅವ್ರು ಗುಂಡಿಗೆ ಇಳಿಸೋಕೆ ಮುಂಚೆ ಹೋಗಿ ಹೇಳ್ಬೇಕು."

"ಫೋನಲ್ಲೇ ಹೇಳಿದ್ರೆ ಆಗಲ್ವಾ ಅತ್ತೆ?"

"ಫೋನೇ ತಾನೆ ಸುಳ್ಳೇಳಿದ್ದು."

ಮರುದಿನ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಅತ್ತೆ ತುರುವೇಕೆರೆ ಬಸ್ಸಿನಿಂದ ಇಳಿದರು. ಒಳ್ಳೆಯ ಸೀರೆ ಉಟ್ಟಿದ್ದರು, ಹಣೆಯಲ್ಲಿ ವಿಭೂತಿ ಆಗತಾನೇ ಇಟ್ಟ ಹಾಗಿತ್ತು. ಇಬ್ಬರೂ ಹುಳಿಯಾರಿನ ಬಸ್ಸು ಹತ್ತಿದೆವು. ಅತ್ತೆ ಕಿಟಕಿಯ ಕಡೆ ಕೂತು ಹೊರಗಿನ ತೋಟಗಳನ್ನೇ ನೋಡುತ್ತಿದ್ದರು. ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ನಿಂತಾಗ ಕಡಲೆಕಾಯಿ ಕೊಂಡು, ಪೊಟ್ಟಣ ಬಿಚ್ಚಿ, ಅರ್ಧ ನನ್ನ ಮಡಿಲಿಗೆ ಸುರಿದರು. ಅಷ್ಟರಮಟ್ಟಿಗೆ ಕ್ಷಮಿಸಿದ್ದಾರೆ ಎಂದುಕೊಂಡು ತಿಂದೆ.

ಸಸಿ ಕೊಂಡವರು ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಹುಳಿಯಾರಿನಾಚೆ ಅವರ ಹೊಲ. ಹೊಂಗೆ ಮರದ ನೆರಳಿನಲ್ಲಿ ನಲವತ್ತು ಸಸಿಗಳನ್ನೂ ಸಾಲಾಗಿ ಇಟ್ಟು ನೀರು ಚಿಮುಕಿಸಿದ್ದರು. ಹೊಲದ ತುಂಬ ಹಗ್ಗ ಹಿಡಿದು ತೋಡಿದ ಗುಂಡಿಗಳು. ಇನ್ನೂ ಒಂದು ಸಸಿಯೂ ಇಳಿದಿರಲಿಲ್ಲ. ಅತ್ತೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಕಂಡಕ್ಟರ್ ಚಾಪೆ ಹಾಸಿದರೂ ಅತ್ತೆ ಕೂರಲಿಲ್ಲ.

"ನೋಡಿ ಯಜಮಾನ್ರೇ, ಇವು ಏಳು ವರ್ಷದ ತಳಿ. ಮೂರಲ್ಲ. ಪುಟದಾಗೆ ತಪ್ಪು ಬರ್ದಿತ್ತು. ಬರ್ದೋಳು ಇವ್ಳೇ, ನಮ್ ತಮ್ಮನ ಮಗಳು" ಎಂದು ನನ್ನನ್ನು ತೋರಿಸಿದರು. "ನಿಮಗೆ ಬ್ಯಾಡ ಅಂದ್ರೆ ನಲವತ್ತೂ ವಾಪಸ್ ತಗೊಂಡೋಗ್ತೀನಿ."

ಕಂಡಕ್ಟರ್ ಅತ್ತೆಯನ್ನೇ ನೋಡಿದರು. "ನೀವು ಅವತ್ತೇ ಹೇಳಿದ್ರಲ್ಲಮ್ಮ, ಏಳು ಅಂತ."

ನನಗೆ ಇದು ಗೊತ್ತಿರಲಿಲ್ಲ. ಅತ್ತೆ ಹೇಳಿರಲಿಲ್ಲ.

"ಹೇಳಿದ್ದೆ. ಮತ್ಯಾಕೆ ನಂಬ್ಲಿಲ್ಲ?"

"ಬೇಜಾರ್ ಮಾಡ್ಕೋಬೇಡಿ. ಜೀವ್ನೆಲ್ಲ ಬಸ್ನಾಗೆ ಕಳ್ದೋನು ನಾನು. ಟಿಕೆಟ್ ತಗೊಂಡಿದ್ದೀನಿ ಅಂತ ಬಾಯಲ್ಲಿ ಎಲ್ರೂ ಹೇಳೋರು. ನಾನು ಚೀಟಿ ನೋಡ್ತಿದ್ದೆ. ಫೋನಲ್ಲಿ ಮೂರು ಅಂತ ಬರ್ದಿತ್ತು. ಈಯಮ್ಮ ಹಳೇ ಕಾಲದೋರು, ಹಳೇ ಲೆಕ್ಕ ಹೇಳ್ತವ್ರೆ ಅಂದ್ಕೊಂಡೆ. ಮೂರೇ ವರ್ಷ ತಾನೆ ಅಂತ ಈ ಸಲ ರಾಗಿನೂ ಬಿತ್ತಲಿಲ್ಲ."

ಅತ್ತೆಯ ಮುಖ ಸಪ್ಪಗಾಯಿತು. ಹಲಗೆ ಸುಟ್ಟ ದಿನದಿಂದ ಅವರು ಒಂದು ಸಸಿಯ ಬಗ್ಗೆಯೂ ಸುಳ್ಳು ಹೇಳಿದವರಲ್ಲ. ಎದುರಿಗೆ ನಿಂತು ಬಾಯಿಬಿಟ್ಟು ಹೇಳಿದ ಮಾತನ್ನು, ಅವರು ಎಂದೂ ನೋಡದ, ನೋಡಲು ಸಾಧ್ಯವೇ ಇಲ್ಲದ ನನ್ನ ಒಂದು ಸಾಲು ಸುಳ್ಳು ಮಾಡಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅತ್ತೆ ಆಡಿದ ಮಾತಿನಲ್ಲಿ ತಪ್ಪಿರಲಿಲ್ಲ, ಆದರೂ ಹೋಗಿತ್ತು. ನನಗೆ ಅಲ್ಲಿ ನಿಲ್ಲಲಾರದಷ್ಟು ದುಃಖವಾಯಿತು.

ಕಂಡಕ್ಟರ್ ಬಗ್ಗಿ ಒಂದು ಸಸಿಯ ಬುಡ ತಿರುಗಿಸಿದರು. "ಈ ಒಂಬತ್ತು ಅಂದ್ರೇನಮ್ಮ? ಎಲ್ಲದ್ರ ಮೇಲೂ ಏನೋ ಬರ್ದಿದೆ."

"ಒಂಬತ್ತ್ನೇ ಮರ. ಬಾವಿ ಪಕ್ಕದ್ದು. ನಮ್ಮತ್ತೆ ನೆಟ್ಟಿದ್ದು."

"ಅವ್ರು ಅದ್ರ ಕಾಯಿ ತಿಂದ್ರಾ?"

"ಇಲ್ಲ. ನೆಟ್ಟ ಐದ್ನೇ ವರ್ಷ ಹೋಗ್ಬುಟ್ರು. ನಾವು ತಿಂತಿದ್ದೀವಿ."

ಅವರು ಗುಂಡಿಗಳ ಕಡೆ ನೋಡಿದರು. ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನಡೆದುಹೋಗಿ ಬಂದರು. "ಏಳೇ ಆಗ್ಲಿ ಬುಡಿ. ಗುಂಡಿ ತೋಡಿದ್ದಾಯ್ತು. ಸಾಲಿನ ಮಧ್ಯ ರಾಗಿ ಬಿತ್ಕೋತೀನಿ, ಇನ್ನೂ ಹೊತ್ತು ಮೀರಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅದನ್ನ ಅಳಿಸಿದ್ರಾ?"

"ನಿನ್ನೆನೇ ಅಳಿಸಿದೆ ಸರ್."

ಅವರು ಜೇಬಿನಿಂದ ಫೋನು ತೆಗೆದು ಹುಡುಕಿದರು. ಚೀಟಿ ನೋಡದೆ ನಂಬುವ ಮನುಷ್ಯರಲ್ಲವಲ್ಲ. "ಇಲ್ಲಿ ಇನ್ನೂ ಮೂರು ಅಂತಲೇ ಐತೆ" ಎಂದು ಫೋನನ್ನು ಅತ್ತೆಯ ಮುಂದೆ ಹಿಡಿದರು. ಹುಡುಕುವ ಯಂತ್ರಗಳು ಪುಟದ ಹಳೆಯ ಪ್ರತಿಯೊಂದನ್ನು ತಮ್ಮ ಬಳಿ ಇಟ್ಟುಕೊಂಡಿರುತ್ತವೆ, ಮತ್ತೆ ಬಂದು ನೋಡುವವರೆಗೆ ಅದನ್ನೇ ತೋರಿಸುತ್ತವೆ ಎಂದು ನಾನು ಹೇಳಿದೆ.

"ಅಂದ್ರೆ ನಾನಿಲ್ಲಿ ಏಳು ಅಂತಿದ್ರೂ ಅದು ಅಲ್ಲಿ ಮೂರು ಅಂತಲೇ ಇರ್ತದೆ. ಎಷ್ಟು ದಿವ್ಸ?" ಎಂದರು ಅತ್ತೆ.

"ಗೊತ್ತಿಲ್ಲ ಅತ್ತೆ."

ಹಿಂದಿರುಗಿ ಬಂದವಳು ಅತ್ತೆಯ ಪುಟವನ್ನು ಕೆಡವಿ ಹೊಸದಾಗಿ ಕಟ್ಟಿದೆ. ತಲೆಯಲ್ಲಿ ಪುಟದ ಹೆಸರು, ಭಾಷೆ, ಅಕ್ಷರಗಳನ್ನು ಯಾವ ಸಂಕೇತದಲ್ಲಿ ಓದಬೇಕು ಎಂಬ ಸೂಚನೆ, ಇಷ್ಟೇ. ಮಿಕ್ಕದ್ದೆಲ್ಲ ಒಡಲಿಗೆ ಬಂತು. ಕಣ್ಣಿಗೆ ಕಾಣುವ ಏಳು ವರ್ಷ ಎಂಬ ಮಾತಿಗೇ, ಇದು ಫಸಲಿನ ಕಾಲ ಎಂದು ಯಂತ್ರಕ್ಕೆ ತಿಳಿಸುವ ಗುರುತನ್ನು ಕಟ್ಟಿದೆ. ಯಂತ್ರ ಓದುವುದೂ ಅದೇ ಏಳು, ಮನುಷ್ಯರು ಓದುವುದೂ ಅದೇ ಏಳು. ನಾಳೆ ತಿದ್ದಬೇಕಾಗಿ ಬಂದರೆ ತಿದ್ದುವ ಜಾಗ ಒಂದೇ, ತಪ್ಪಿದ್ದರೆ ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತದೆ.

ಆಮೇಲೆ ಚರ್ಚೆಯ ಜಗಲಿಗೆ ಹೋಗಿ ನನ್ನ ಹಳೆಯ ವಾದವನ್ನು ನಾನೇ ತಿರುಗಿಸಿ ಹೊಡೆದೆ. ಹಲಗೆಯ ಕಥೆ, ಕಾಯಿಯ ಕಥೆ ಎರಡನ್ನೂ ಬರೆದೆ. ಮಾಲೀಕರಿಗೆ ಓದಿ ಹೇಳದ ಮಾತನ್ನು ಅವರ ಪರವಾಗಿ ಯಂತ್ರಕ್ಕೂ ಹೇಳಬಾರದು, ನಿಯಮ ಅಂದರೆ ಇದು ಎಂದೆ. ಒಬ್ಬರು, ಭಾಷೆ ಮತ್ತು ಅಕ್ಷರ ಸಂಕೇತದಂಥವಕ್ಕೆ ಒಡಲಿನಲ್ಲಿ ಜಾಗವೆಲ್ಲಿ ಎಂದು ಕೇಳಿದರು. ಸರಿಯಾದ ಪ್ರಶ್ನೆ. ಸಂಕೇತ ತಿಳಿಯದಿದ್ದರೆ ಕನ್ನಡವೆಲ್ಲ ಗೊಂದಲದ ಗೀಟುಗಳಾಗಿ ಕಾಣುವುದನ್ನು ನಾನೂ ಕಂಡಿದ್ದೇನೆ, ಅವು ತಲೆಯಲ್ಲೇ ಇರಲಿ ಎಂದು ಒಪ್ಪಿದೆ. ಇನ್ನೊಬ್ಬರು, ಮಾತಿಗೆ ಮಾತಿಗೆ ಗುರುತು ಕಟ್ಟಿದರೆ ಯಂತ್ರಕ್ಕೆ ಓದುವುದು ತ್ರಾಸ ಎಂದರು. ಯಂತ್ರಕ್ಕೇನು ಮೊಣಕಾಲು ನೋವೇ, ಓದಲಿ ಎಂದೆ. ಈ ಸಲ ಹೌದು ಎಂದವರು ಇಬ್ಬರೇ. ನನಗೆ ಬೇಸರವಾಗಲಿಲ್ಲ, ನಾನು ಸರಿ ಎಂದು ನನಗೆ ಗೊತ್ತಿತ್ತು.

ಕೆಲವು ವಾರಗಳಾದ ಮೇಲೆ ಮೂರರ ಸಾಲು ಎಲ್ಲೂ ಕಾಣದಾಯಿತು. ನಾನು ಹತ್ತು ಬಗೆಯಲ್ಲಿ ಹುಡುಕಿ ನೋಡಿದೆ, ಎಲ್ಲ ಕಡೆಯೂ ಏಳು. ಆ ಭಾನುವಾರವೇ ಈ ಸುದ್ದಿ ಹೊತ್ತುಕೊಂಡು ಅತ್ತೆಯ ಊರಿಗೆ ಹೋದೆ. ಅತ್ತೆ ಸಸಿಮಡಿಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಪೇಂಟಿನ ಕುಂಚ. ಹೊಸ ಕಾಯಿ ಇನ್ನೂ ಇಳಿಸಿರಲಿಲ್ಲವಾದ್ದರಿಂದ ಈಗೇನು ಬರೆಯುತ್ತಿದ್ದಾರೆ ಎಂದು ಬಗ್ಗಿ ನೋಡಿದೆ. ಪ್ರತಿ ಸಸಿಯ ಬುಡದ ಕಾಯಿಯ ಮೇಲೆ, ಮರದ ನಂಬರಿನ ಕೆಳಗೆ, ಇನ್ನೊಂದು ಅಂಕಿ ಬರೆಯುತ್ತಿದ್ದರು. ಎಲ್ಲದರ ಮೇಲೂ ಒಂದೇ ಅಂಕಿ, ಏಳು.

"ಫೋನಲ್ಲಿದ್ದ ಮೂರು ಹೋಯ್ತು ಅತ್ತೆ. ಈಗ ಎಲ್ಲಾ ಕಡೆ ಏಳೇ ಇದೆ" ಎಂದೆ.

"ಹೋಗಿರ್ಬೋದು ಬುಡು. ನನ್ ಕಣ್ಣಿಗೆ ಅದು ಬಂದಿದ್ದೂ ಕಾಣ್ಲಿಲ್ಲ, ಹೋಗಿದ್ದೂ ಕಾಣ್ಲಿಲ್ಲ." ಕುಂಚವನ್ನು ಡಬ್ಬಿಗೆ ಅದ್ದಿದರು. "ಮೊದ್ಲು ಬಾಯಲ್ಲಿ ಹೇಳಿದ್ರೆ ಸಾಕಾಗಿತ್ತು ಕಣೇ. ಈಗ ನನ್ ಮಾತಿಗೂ ಚೀಟಿ ಬೇಕು."

ಮಡಿಯ ಆ ತುದಿಯವರೆಗೆ ಇನ್ನೂ ನೂರಾರು ಸಸಿಗಳಿದ್ದವು. ನಾನು ಚಪ್ಪಲಿ ಬಿಟ್ಟು, ಪೇಂಟಿನ ಡಬ್ಬಿ ಎತ್ತಿಕೊಂಡು, ಚಿಕ್ಕಂದಿನಲ್ಲಿ ನಿಲ್ಲುತ್ತಿದ್ದಂತೆ ಅವರ ಹಿಂದೆ ನಿಂತೆ. ಅತ್ತೆ ಮುಂದಿನ ಕಾಯಿಯ ಮೇಲೆ ಏಳು ಬರೆದರು.